ಬೀಸುವ ಹಾಡಿನ ಅರ್ಥ

ಬಳ್ಳಾರಿಯಲ್ಲಿ ನಾನು ರಸ್ತೆ ಮಾಡಿಸುವ ಇಂಜಿನಿಯರ್ ಸಾಹೇಬರಿಗೆ ದುಭಾಷಿಯಾಗಿದ್ದೆ. ಒಮ್ಮೆ ಸಿರುಗುಪ್ಪಕ್ಕೆ ಹೊರಟವರು ಎತ್ತುಗಳಿಗೆ ನೀರು ಕುಡಿಸಲು ಕುರುಗೋಡಿನಲ್ಲಿ ನಿಂತೆವು. ಎದುರಿನ ಮನೆಯ ಪಡಸಾಲೆಯಲ್ಲಿ ಒಬ್ಬ ಮುದುಕಿ ಜೋಳ ಬೀಸುತ್ತ ಹಾಡುತ್ತಿದ್ದಳು:

“ಸಾವು ಬಂದು ಕರೆದರ ಅಣ್ಣಗ ಹೇಳಿರಿ,
ಬಿರುಸು ಆಡಿದ ನಾಲಿಗಿ ಸೋತೀತಂತ,
ಒಮ್ಮಿ ತವರಿನ ಬಾಗಿಲು ಕಂಡೇನಂತ.”

ಸಾಹೇಬರು ಅರ್ಥ ಕೇಳಿದರು. ಸಾವು, ಪಶ್ಚಾತ್ತಾಪ ಇವನ್ನೆಲ್ಲ ಇಂಗ್ಲಿಷಿನಲ್ಲಿ ಹೇಗೋ ಹೇಳಿದೆ. ತವರು ಬಂದಾಗ ತಡವರಿಸಿ, ತಾಯಿಯ ಮನೆ ಎಂದೆ. “ತಾಯಿ ಇದ್ದಾಳೆಯೇ, ಕೇಳು,” ಎಂದರು.

ಕೇಳಿದೆ. “ಅವ್ವ ಹೋಗಿ ಬಾಳ ವರ್ಷಾತ್ರಿ,” ಎಂದಳು ಮುದುಕಿ. “ಅಣ್ಣ ಸಿರುಗುಪ್ಪದಾಗ ಅದಾನ. ಅವ್ವ ಸತ್ತಾಗ ತಡಾ ಮಾಡಿ ಹೇಳಿಕಳಿಸಿದ, ಮಕಾ ನೋಡಾಕ ಸಿಗಲಿಲ್ಲ. ನಿನ್ನ ಬಾಗಿಲಿಗೆ ಇನ್ನ ಬರಾದಿಲ್ಲ ಅಂದು ಬಂದೀನಿ.”

ಅದನ್ನು ನಾನು ಇಂಗ್ಲಿಷಿನಲ್ಲಿ ಹೇಳಿದಾಗ ಸಾಹೇಬರು ಟೋಪಿ ತೆಗೆದು ಕೈಯಲ್ಲಿ ಹಿಡಿದರು. ನಾವು ಅಲ್ಲಿಗೇ ಹೋಗುತ್ತಿದ್ದೇವೆ, ಅಣ್ಣನಿಗೆ ಏನಾದರೂ ಹೇಳಬೇಕೇ ಎಂದು ನನ್ನಿಂದ ಕೇಳಿಸಿದರು.

“ಹೇಳಾದು ಏನೈತಿ? ನಾನೇ ಬರ್ತೀನಿ, ತಡೀರಿ.” ಬೀಸುವ ಕೆಲಸ ಸೊಸೆಗೆ ಒಪ್ಪಿಸಿ ಬಂಡಿ ಹತ್ತಿಯೇಬಿಟ್ಟಳು.

ಸಿರುಗುಪ್ಪದಲ್ಲಿ ಅಣ್ಣ ಬಾಗಿಲಲ್ಲೇ ಕೂತಿದ್ದ. ಬಹಳ ಹೊತ್ತು ಅವಳನ್ನೇ ನೋಡಿದ. “ಕೂದಲೆಲ್ಲ ಬೆಳ್ಳಗಾಗ್ಯಾವಲ್ಲ ತಂಗಿ,” ಎಂದ.

“ಹಿಟ್ಟು ಬಿಡಣ್ಣ ಅದು,” ಎನ್ನುತ್ತ ಅವಳು ತನ್ನ ಸೆರಗಿನಿಂದ ಅವನ ಕಣ್ಣು ಒರೆಸಿದಳು.

ಸಾಹೇಬರು ಅದರ ಅರ್ಥ ಕೇಳಲಿಲ್ಲ. ನಾನಂತೂ ಅಂದಿನಿಂದ, ದಾರಿಯಲ್ಲಿ ಯಾರಾದರೂ ಬೀಸುತ್ತ ಹಾಡುವುದು ಕೇಳಿದರೆ, ಬಂಡಿಯಲ್ಲಿ ಇನ್ನೊಬ್ಬರಿಗೆ ಜಾಗ ಇದೆಯೇ ಎಂದು ಮೊದಲು ನೋಡಿಕೊಳ್ಳುತ್ತಿದ್ದೆ.