ಮೈಲುಗಲ್ಲಿನ ಮೂರು ಗೆರೆ

ಒಂದು ತಪ್ಪು ಒಪ್ಪಿಕೊಳ್ಳಬೇಕಾಗಿದೆ. ಅದಕ್ಕೂ ಮೊದಲು ಇದೊಂದನ್ನು ಹೇಳಿಬಿಡುತ್ತೇನೆ: ನನಗೊಬ್ಬಳು ಮೊಮ್ಮಗಳಿದ್ದಾಳೆ. ಹನ್ನೊಂದು ತಿಂಗಳಿನವಳು. ನಾನು ಇನ್ನೂ ನೋಡಿಲ್ಲ, ಆದರೂ ಅವಳ ಮೂಗು ನನ್ನದೇ ಎಂದು ಮುಂಬಯಿಯ ನಮ್ಮ ಬೈಕುಲ್ಲಾದ ಅರ್ಧ ಜನಕ್ಕೆ ಹೇಳಿ ಆಗಿದೆ. ಉಳಿದರ್ಧ ಜನ ನನ್ನನ್ನು ಕಂಡರೆ ಆಚೆ ಬದಿಯ ಫುಟ್‌ಪಾತಿಗೆ ದಾಟುತ್ತಾರೆ.

ಈಗ ತಪ್ಪಿನ ವಿಷಯ. ನಾನು ಅಡುಗೆ ಮಾಡುವ ಹೋಟೆಲಿನ ಎದುರು, ಟ್ರಾಮು ನಿಲ್ಲುವಲ್ಲಿ, ಒಂದು ಮೈಲುಗಲ್ಲು ಇತ್ತು. ಕರಿಕಲ್ಲು. ನನ್ನ ಮೊಣಕಾಲಿಗಿಂತ ಒಂದು ಗೇಣು ಎತ್ತರ. ಮೋರೆಯ ಮೇಲೆ ಮೂರು ಉದ್ದ ಗೆರೆ ಕೊರೆದಿದ್ದರು. ಊರಿನಲ್ಲಿ ಮೂರನೇ ಕ್ಲಾಸಿಗೆ ಶಾಲೆ ಬಿಟ್ಟು ಬಂದ ನನಗೆ ಇಡೀ ಮುಂಬಯಿಯಲ್ಲಿ ಯಾರನ್ನೂ ಕೇಳದೆ ಓದಲು ಬಂದ ಬರಹ ಅದೊಂದೇ. ಮೂರು ಗೆರೆ ಎಂದರೆ ಮೂರು. ಅಷ್ಟು ವಿದ್ಯೆ ನನ್ನಲ್ಲೂ ಇತ್ತು.

ಯಾವುದರ ಮೂರು ಎಂದು ತಿಳಿಸಿದವರು ನಮ್ಮ ಚಾಳಿನ ಸಾವಂತ ಮಾಮಾ, ಟಪಾಲು ಹಂಚಿ ರಿಟೈರಾದವರು. ಮುಂಬಯಿ ಕೋಟೆಯ ದೊಡ್ಡ ಇಗರ್ಜಿಯಿಂದ ಇಲ್ಲಿಗೆ ಮೂರು ಮೈಲು ಎಂದು ಅದರ ಅರ್ಥವಂತೆ. ಅವರ ಅಜ್ಜನ ಕಾಲದಲ್ಲಿ ಟಪಾಲು ಚೀಲ ಹೊತ್ತವನು ಕಾಲಿಗೆ ಗೆಜ್ಜೆ ಕಟ್ಟಿ ಓಡುತ್ತಿದ್ದನಂತೆ, ಇಂಥ ಕಲ್ಲುಗಳನ್ನು ಎಣಿಸುತ್ತ ಹೋಗಿ ಮುಂದಿನವನಿಗೆ ಚೀಲ ದಾಟಿಸುತ್ತಿದ್ದನಂತೆ. ದೂರ ಹೆಚ್ಚಿದಷ್ಟೂ ಕಾಗದಕ್ಕೆ ಸುಂಕವೂ ಹೆಚ್ಚಂತೆ. ಇದು ಎಷ್ಟು ನಿಜವೋ ಸಾವಂತ ಮಾಮಾನೇ ಬಲ್ಲರು. ಆ ಪದ್ಧತಿ ಈಗಲೂ ಇದ್ದಿದ್ದರೆ, ಮದುವೆಯಾದ ಹೊಸತರಲ್ಲಿ ನನ್ನ ಹೆಂಡತಿ ರುಕ್ಮಿಣಿ ಊರಿನಿಂದ ಬರೆಸಿ ಕಳಿಸುತ್ತಿದ್ದ ಬೈಗುಳಗಳಲ್ಲಿ ಅರ್ಧವಾದರೂ ಉಳಿತಾಯವಾಗುತ್ತಿತ್ತು.

ಆ ಕಲ್ಲಿಗೆ ನಾನು ಮಾಡಿದ್ದೇನು? ಮೂವತ್ತು ವರ್ಷ ದಿನಾ ಬೆಳಿಗ್ಗೆ ಅದರ ತಲೆಯ ಮೇಲೆ ಚಟ್ನಿಯ ತೆಂಗಿನಕಾಯಿ ಒಡೆದೆ, ಮೋರೆಯ ಮೇಲೆ ಕತ್ತಿ ಮಸೆದೆ. ಮುಂಬಯಿಯಲ್ಲಿ ಹಾಗೆ ಮಸೆಯುವ ಕಲ್ಲು ಇನ್ನೊಂದಿಲ್ಲ ಎಂದು ಪಕ್ಕದ ಹೋಟೆಲಿನವರನ್ನೂ ಕರೆದು ತೋರಿಸಿದೆ. ಅವರೂ ಮಸೆದರು.

ಅದೇ ಕಲ್ಲು ಹಿಡಿದು ನಮ್ಮ ಮಗಳು ವನಜ ಎದ್ದು ನಿಂತಳು. ಚಾಳಿನ ಖೋಲಿಯಲ್ಲಿ ಮಗು ನಡೆಯುವುದಕ್ಕೆ ಜಾಗವೆಲ್ಲಿ? ರುಕ್ಮಿಣಿ ಅವಳನ್ನು ಕಲ್ಲಿಗೆ ಆನಿಸಿ ನಿಲ್ಲಿಸಿ, ಎರಡು ಮಾರು ದೂರದಲ್ಲಿ ಕೈ ಚಾಚಿ ಕೂರುತ್ತಿದ್ದಳು. ಒಂದು ದಿನ ವನಜ ಕಲ್ಲು ಬಿಟ್ಟು ಅಮ್ಮನವರೆಗೆ ನಡೆದೇಬಿಟ್ಟಳು. ನೋಡುತ್ತ ನಿಂತ ನನ್ನ ಒಲೆಯ ಮೇಲೆ ಸಾಂಬಾರು ತಳ ಹಿಡಿಯಿತು. ಆವತ್ತಿನ ಗಿರಾಕಿಗಳು ಅದನ್ನು ಉಂಡರು, ಪುಣ್ಯಾತ್ಮರು.

ಈಗ ವನಜ ಕಾರ್ಕಳದಲ್ಲಿ ಸಂಸಾರಸ್ಥೆ. ಹೋದ ತಿಂಗಳು ಅವಳ ಕಾಗದ ಬಂತು. ‘ಅಪ್ಪಾ, ಮಗು ಗೋಡೆ ಹಿಡಿದು ನಿಲ್ಲುತ್ತಾಳೆ. ಇನ್ನೂ ಹೆಜ್ಜೆ ಹಾಕಿಲ್ಲ. ಸ್ಟೀಮರಿನಲ್ಲಿ ಕರೆದುಕೊಂಡು ಬರುತ್ತೇನೆ. ಮೊದಲ ಹೆಜ್ಜೆ ನನ್ನ ಕಲ್ಲಿನ ಹತ್ತಿರವೇ ಹಾಕಬೇಕು.’ ಆ ಕಾಗದವನ್ನು ನಾನು ಹೋಟೆಲಿನ ಹುಡುಗನಿಂದ ಎಷ್ಟು ಸಲ ಓದಿಸಿದೆನೆಂದರೆ, ಕೇಳಿ ಕೇಳಿ ಸಾವಂತ ಮಾಮಾಗೆ ಕನ್ನಡ ಬಾರದಿದ್ದರೂ ಬಾಯಿಪಾಠವಾಗಿದೆ.

ಕಾಗದ ಬಂದ ವಾರಕ್ಕೆ ರಸ್ತೆ ಅಗಲ ಮಾಡುವವರು ಬಂದರು. ನಾನು ಓಡಿಹೋಗಿ ಅವರ ಮೇಸ್ತ್ರಿ ಮುಕಾದಮನಿಗೆ ಕೈಮುಗಿದೆ. ಅವನು ಕೆಟ್ಟವನಲ್ಲ.

“ನಂಬರ್ ಇರೋ ಕಲ್ಲಾದ್ರೆ ಬಾಜೂಗೆ ಹಾಕ್ತೀವಿ ಅಣ್ಣಾ. ಇದ್ರ ಮೇಲೆ ನಂಬರ್ ಕಿಧರ್ ಹೈ?”

ನಂಬರು! ನಾನು ಹೋಟೆಲಿಗೆ ಓಡಿ ಒಂದು ಲೋಟ ದೋಸೆ ಹಿಟ್ಟು ತಂದು ಕಲ್ಲಿನ ಮೋರೆಗೆ ಬಳಿದೆ, ಬಟ್ಟೆಯಿಂದ ಒರೆಸಿದೆ. ಗೆರೆ ಇದ್ದಲ್ಲಿ ಹಿಟ್ಟು ಬೆಳ್ಳಗೆ ನಿಲ್ಲಬೇಕು. ನಿಂತಿತು, ಒಂದೇ ಒಂದು ಕಡೆ. ಉಳಿದೆರಡು ಗೆರೆಗಳನ್ನು ನನ್ನ ಕತ್ತಿ ತಿಂದಿತ್ತು.

“ಏಕ್?” ಮುಕಾದಮ ನಕ್ಕ. “ಕೋಟೆಯಿಂದ ಇಲ್ಲಿಗೆ ಒಂದು ಮೈಲಾ? ಅಣ್ಣಾ, ನಿಮ್ಮ ಪತ್ಥರ್ ಝೂಟಾ ಹೈ.”

ಅಷ್ಟು ಕಾಲ ಬಿಸಿಲಿನಲ್ಲಿ ನಿಂತು, ಕೇಳಿದವರಿಗೂ ಕೇಳದವರಿಗೂ ನಿಜ ಹೇಳಿದ ಕಲ್ಲು. ಅದನ್ನು ಸುಳ್ಳುಗಾರನನ್ನಾಗಿ ಮಾಡಿದವನು ನಾನು. ಕಲ್ಲನ್ನು ಅಗೆದಾಗ ನೆಲದೊಳಗೆ ಇನ್ನೂ ಅಷ್ಟೇ ಉದ್ದ ಇತ್ತು. ನಾಲ್ಕು ಜನ ಎತ್ತಿ ಲಾರಿಗೆ ಹಾಕಿದರು. ಒಡೆದು ಜಲ್ಲಿ ಮಾಡಲಿಕ್ಕೆ ಎಂದರು.

ಮೂರು ದಿನ ನನಗೆ ಊಟ ಸೇರಲಿಲ್ಲ. ಆ ಜಾಗದಲ್ಲಿ ಈಗ ಹೊಸ ಡಾಂಬರು. ಅಲ್ಲೊಂದು ಕಲ್ಲಿತ್ತು ಎಂದರೆ ಹೊಸಬರು ನಂಬುವುದಿಲ್ಲ. ಹಳಬರು ಮಾತ್ರ ಟ್ರಾಮಿನವನಿಗೆ “ಮೈಲುಗಲ್ಲಿನ ಹತ್ತಿರ ನಿಲ್ಲಿಸಪ್ಪಾ” ಎನ್ನುತ್ತಾರೆ, ಇಳಿದು ಸುತ್ತಮುತ್ತ ನೋಡುತ್ತಾರೆ. ನನಗೆ ಅದನ್ನು ನೋಡಲಾಗುವುದಿಲ್ಲ, ಒಳಗೆ ಹೋಗಿಬಿಡುತ್ತೇನೆ. ನಾವು ಹಳಬರು ಹೋದಮೇಲೆ ಆ ಮಾತೂ ಹೋಗುತ್ತದೆ. ನನ್ನ ಮೊಮ್ಮಗಳು ದೊಡ್ಡವಳಾಗಿ ಹುಡುಕಿಕೊಂಡು ಬಂದರೆ ಬೆರಳು ಮಾಡಿ ತೋರಿಸಲು ಏನಿದೆ?

“ಕಲ್ಲು ಇಲ್ಲ ಅಂತ ಮಗಳಿಗೆ ಬರೆದ್ರಾ?” ರುಕ್ಮಿಣಿ ದಿನಾ ಕೇಳುತ್ತಿದ್ದಳು.

“ಹೇಗೆ ಬರೆಯುವುದು ಮಾರಾಯ್ತಿ? ಆಸೆ ಇಟ್ಕೊಂಡು ಹೊರಡುವವಳಿದ್ದಾಳೆ.”

“ಕತ್ತಿ ಮಸೆಯುವಾಗ ಈ ಬುದ್ಧಿ ಎಲ್ಲಿತ್ತು? ಹೋಗಿ ನೀವೇ ಕುಕ್ಕರಗಾಲಲ್ಲಿ ಕೂತ್ಕೊಳ್ಳಿ ಅಲ್ಲಿ. ತಲೆ ಹೇಗೂ ಅದೇ ನಮೂನೆ ನುಣ್ಣಗಾಗಿದೆ.”

ಅವಳು ಸಿಟ್ಟಿನಲ್ಲಿ ಹೇಳಿದ್ದು. ನಾನು ನಿನ್ನೆ ಬೆಳಿಗ್ಗೆ ಹೋಗಿ ಕೂತು ನೋಡಿದೆ. ತಲೆ ತಗ್ಗಿಸಿದರೆ ಹೆಚ್ಚುಕಡಿಮೆ ಅದೇ ಎತ್ತರ. ಟ್ರಾಮಿನವನು ಗಂಟೆ ಬಾರಿಸಿ ಏನೋ ಬೈದ. ಕಲ್ಲನ್ನು ಅವನು ಒಂದು ದಿನವೂ ಬೈದಿರಲಿಲ್ಲ. ಮಂಡಿ ಎಷ್ಟು ನೋಯಿತೆಂದರೆ, ಕಲ್ಲಿನ ಕಷ್ಟ ಸ್ವಲ್ಪ ಅರ್ಥವಾಯಿತು. ಎಬ್ಬಿಸಲು ರುಕ್ಮಿಣಿಯೇ ಬರಬೇಕಾಯಿತು.

ಮನೆಗೆ ಬಂದು ಹೋಟೆಲಿನ ಹುಡುಗನಿಂದ ವನಜಳಿಗೆ ಬರೆಸಿದೆ: ಕಲ್ಲನ್ನು ತೆಗೆದರು, ತಪ್ಪು ನನ್ನದು. ಟ್ರಾಮು ಇಳಿದು ಅಲ್ಲೇ ನಿಲ್ಲು. ಮಗುವಿಗೆ ಹಿಡಿದುಕೊಳ್ಳಲು ನಾನು ಕೂತಿರುತ್ತೇನೆ. ಕಲ್ಲಿನಷ್ಟು ಗಟ್ಟಿಯಲ್ಲ, ಬಹಳ ಕಾಲ ಇರುವುದೂ ಇಲ್ಲ, ಬೇಗ ಬಾ. ಆದರೆ ಹಿಡಿಯಲು ಎರಡು ಕಿವಿ ಇವೆ. ಕಲ್ಲಿಗೆ ಅದಿರಲಿಲ್ಲ.