ಅತ್ತೆಯ ಇಪ್ಪತ್ತಾರು ರಂಗೋಲಿ

ಇವತ್ತು ಬೆಳಿಗ್ಗೆ ಮನೆಯ ಕಂಪ್ಯೂಟರು ಮೂಲೆಯಲ್ಲೊಂದು ಸೂಚನೆ ಹಾಕಿಕೊಂಡು ಕೂತಿತ್ತು. ಜಾಗ ಮುಗಿಯುತ್ತ ಬಂದಿದೆ, ಬೇಡವಾದದ್ದನ್ನು ತೆಗೆಯಿರಿ ಎಂದು. ನಿಮ್ಮ ಮನೆಯದೂ ಹೀಗೆ ತಗಾದೆ ಮಾಡುತ್ತಿರಬಹುದು. ಇಂಥ ಕೆಲಸ ನಮ್ಮಲ್ಲಿ ನನ್ನ ಪಾಲಿಗೇ ಬರುತ್ತದೆ. ಹೆಚ್ಚು ಜಾಗ ತಿಂದವು ಮೇಲೆ ಬರುವಂತೆ ಫೈಲುಗಳನ್ನು ಸಾಲಾಗಿ ಜೋಡಿಸಿದೆ. ಮೇಲಿನ ಹತ್ತಿಪ್ಪತ್ತು ನನ್ನ ಮಗಳವು, ಒಂದಕ್ಕೂ ಅರ್ಥವಾಗುವ ಹೆಸರಿಲ್ಲ. ಎಲ್ಲವನ್ನೂ ಒಟ್ಟಿಗೆ ಹಿಡಿದು ಒಂದು ಕೀಲಿ ಒತ್ತಿದರೆ ಮುಗಿಯುತ್ತಿತ್ತು. ಒತ್ತಲಾಗಲಿಲ್ಲ. ಅತ್ತೆ ನೆನಪಾದಳು.

ಅತ್ತೆ ಎಂದರೆ ಅಪ್ಪನ ಅಕ್ಕ. ಅವಳನ್ನು ಕಾಲುವೆ ನೀರಿನ ಜವಳಗೇರಾಕ್ಕೆ ಕೊಟ್ಟಿದ್ದರು. ಅಲ್ಲಿ ಅವಳು ಬಾಗಿಲ ಮುಂದೆ ಹಾಕುತ್ತಿದ್ದ ರಂಗೋಲಿಯನ್ನು ನೋಡಲು ಭತ್ತದ ಸಸಿ ಹಚ್ಚಲು ಹೊರಟ ಹೆಣ್ಣಾಳುಗಳು ನಿಲ್ಲುತ್ತಿದ್ದರಂತೆ. ಅಂತೆ ಎನ್ನುತ್ತೇನೆ, ಯಾಕೆಂದರೆ ಹೇಳಿದವಳು ಅವಳೇ, ಮತ್ತು ತನ್ನ ವಿಷಯದಲ್ಲಿ ಅವಳು ಅಷ್ಟೇನೂ ಸಂಕೋಚದವಳಲ್ಲ. ಮಾವ ತೀರಿಕೊಂಡ ಮೇಲೆ ಮಸ್ಕಿಯ ನಮ್ಮ ಮನೆಗೆ ಬಂದಳು. ರೊಟ್ಟಿ ಬಡಿದಳು, ನನ್ನ ಜಡೆ ಹಾಕಿದಳು, ಓಣಿಯವರ ಜಗಳ ಬಗೆಹರಿಸಿದಳು. ರಂಗೋಲಿಯನ್ನು ಮಾತ್ರ ಮುಟ್ಟಲಿಲ್ಲ. ಗಂಡ ಹೋದವಳು ಬಾಗಿಲ ಮುಂದೆ ರಂಗೋಲಿ ಹಾಕುವುದು ನಮ್ಮ ಓಣಿಯಲ್ಲಿ ನಡೆದುಕೊಂಡು ಬಂದಿರಲಿಲ್ಲ. ಹಾಕಬೇಡ ಎಂದು ಯಾರೂ ಅನ್ನಲಿಲ್ಲ, ಹಾಕು ಎಂದೂ ಯಾರೂ ಅನ್ನಲಿಲ್ಲ. ಅವ್ವ ದಿನಾ ಅವಸರದಲ್ಲಿ ನಾಲ್ಕು ಎಳೆ ಎಳೆದು ಒಳಗೆ ಬರುತ್ತಿದ್ದಳು. ಅತ್ತೆ ಹೊಸ್ತಿಲಲ್ಲಿ ನಿಂತು ಅದನ್ನು ನೋಡುತ್ತಿದ್ದಳು, ಸೊಟ್ಟಗಾದ ಎಳೆ ಕಂಡರೂ ತುಟಿ ಬಿಚ್ಚುತ್ತಿರಲಿಲ್ಲ.

ಕಂಪ್ಯೂಟರು ಬಂದದ್ದು ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ. ಅಪ್ಪ ಹೈಸ್ಕೂಲು ಮಾಸ್ತರ. ಸುತ್ತಲಿನ ಶಾಲೆಗಳಿಗೆ ಪ್ರಶ್ನೆಪತ್ರಿಕೆ ಮಾಡಿಕೊಡುವ ಹುಚ್ಚಿಗೆ ಯಾರೋ ಬಳಸಿ ಬಿಟ್ಟದ್ದೊಂದನ್ನು ರಾಯಚೂರಿನಿಂದ ತಂದಿದ್ದ. ಅದರ ಹಾರ್ಡ್ ಡಿಸ್ಕು ನಮ್ಮ ಮನೆಯ ಹಾಗೇ ಇತ್ತು, ಇಬ್ಬರು ನೆಂಟರು ಬಂದರೆ ತುಂಬಿತು. ನಾನಾಗ ಸಿಂಧನೂರಿನ ಕಾಲೇಜಿಗೆ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಜೊತೆಗೆ ಮೂರು ತಿಂಗಳ ಕಂಪ್ಯೂಟರ್ ಕೋರ್ಸು ಬೇರೆ ಮುಗಿಸಿದ್ದೆ. ಇಡೀ ಓಣಿಗೆ ನಾನೇ ಪಂಡಿತೆ, ನನಗೂ ಹಾಗೇ ಅನ್ನಿಸಿತ್ತು.

ಒಂದು ಭಾನುವಾರ ತಮಾಷೆಗೆಂದು ಅತ್ತೆಯನ್ನು ಕೂರಿಸಿ ಚಿತ್ರ ಬರೆಯುವ ಪ್ರೋಗ್ರಾಮು ತೆರೆದುಕೊಟ್ಟೆ. ಅವಳು ಮೌಸನ್ನು ಹೆಬ್ಬೆರಳು ತೋರುಬೆರಳಲ್ಲಿ ಚಿವುಟಿ ಹಿಡಿದಳು, ರಂಗೋಲಿ ಪುಡಿ ಹಿಡಿದಂತೆ. ಬಿಳಿ ಪರದೆಯನ್ನು ನೋಡಿ ಹುಬ್ಬು ಗಂಟಿಕ್ಕಿದಳು.

"ಬಿಳೀದರ ಮ್ಯಾಲ ಬಿಳಿ ಎಳಿ ಹೆಂಗ ಕಾಣಬೇಕಬೇ? ಮೊದಲ ಅಂಗಳ ಸಾರಿಸಿ ಕೊಡು."

ಬಣ್ಣ ಸುರಿಯುವ ಡಬ್ಬಿಯ ಗುರುತು ತೋರಿಸಿದೆ. ಎರಡು ಮೂರು ಬಣ್ಣ ಸುರಿದು ನೋಡಿ, ಸೆಗಣಿ ಸಾರಿಸಿದ ನೆಲದ ಬಣ್ಣಕ್ಕೆ ಹತ್ತಿರದ್ದೊಂದನ್ನು ಆರಿಸಿಕೊಂಡಳು. ನಾನು ನಕ್ಕು ಎದ್ದುಹೋದೆ. ಆಮೇಲೆ ಮಧ್ಯಾಹ್ನ ನಾವ್ಯಾರೂ ಇಲ್ಲದಾಗ ಅವಳು ಅದರ ಮುಂದೆ ಕೂರುತ್ತಾಳೆಂದು ಅವ್ವ ಹೇಳಿದಾಗ, ಇಸ್ಪೀಟು ಆಡುತ್ತಿರಬೇಕು ಅಂದುಕೊಂಡೆ. ಬರೆದದ್ದನ್ನು ಉಳಿಸುವುದನ್ನೂ ಅವಳು ಅಪ್ಪನನ್ನು ನೋಡಿಯೇ ಕಲಿತಿದ್ದಾಳೆಂದು ನನಗೆ ಹೊಳೆಯಲಿಲ್ಲ.

ಅರ್ಧವಾರ್ಷಿಕ ಪರೀಕ್ಷೆಯ ಹೊತ್ತು. ಒಂದು ಮುಂಜಾನೆ ಅಪ್ಪ ಕೂಗಿದ.

"ಏನಬೇ, ಇದು ಜಾಗ ಇಲ್ಲ ಅನ್ನಾಕತ್ತೈತಿ. ದಪ್ಪಾನ ಫೈಲು ಯಾವ ಅದಾವ ನೋಡಿ ತಗಿ. ಎಂಟರ ಬಸ್ಸಿಗೆ ನಾ ಲಿಂಗಸುಗೂರಿಗೆ ಹೋಗಬೇಕು, ಪ್ರೆಸ್ಸಿನಾಂವ ಕಾಯಾಕತ್ತಾನ."

ನಾನು ಫೈಲುಗಳನ್ನು ಜೋಡಿಸಿದೆ. ಎಲ್ಲಕ್ಕಿಂತ ಮೇಲೆ ಬಂದವು ಒಂದೇ ಗಾತ್ರದವು, ಒಂದೊಂದೂ ಒಂದು ಫ್ಲಾಪಿ ತುಂಬುವಷ್ಟು ದೊಡ್ಡವು. ಹೆಸರು ನೋಡಿದರೆ ಮೊದಲನೆಯದಕ್ಕೆ ಇಂಗ್ಲಿಷಿನ ಒಂದು ಎ, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು. ಹೀಗೆ ಇಪ್ಪತ್ತಾರರವರೆಗೆ. ಅವ್ವ ಧೂಳು ಒರೆಸುವಾಗ ಬಟ್ಟೆ ಕೀಲಿಯ ಮೇಲೆ ಕೂತಿರಬೇಕು ಎಂದುಕೊಂಡೆ. ಧೂಳು ಒರೆಸುವ ಬಟ್ಟೆ ಒಂದೊಂದೇ ಅಕ್ಷರ ಎಣಿಸಿ ಕೂಡಿಸುವುದಿಲ್ಲ ಎಂಬಷ್ಟು ಬುದ್ಧಿ ಪಂಡಿತೆಗೆ ಓಡಲಿಲ್ಲ. ಒಂದನ್ನು ತೆರೆದು ನೋಡಬಹುದಿತ್ತು, ಆದರೆ ಆ ಯಂತ್ರಕ್ಕೆ ಚಿತ್ರ ತೆರೆಯಲು ಬಹಳ ಹೊತ್ತು ಬೇಕು, ಅಪ್ಪ ಚಪ್ಪಲಿ ಮೆಟ್ಟಿ ನಿಂತಿದ್ದ. ಎಲ್ಲವನ್ನೂ ಅಳಿಸಿದೆ. ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ. ಅಪ್ಪ ಬಸ್ಸು ಹಿಡಿದ.

ಮರುದಿನ ಸಂಜೆ ಕಾಲೇಜಿನಿಂದ ಬಂದಾಗ ಅತ್ತೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು.

"ಯವ್ವಾ, ನನ್ನ ರಂಗೋಲಿ ಕಾಣವಲ್ಲವು. ಇಪ್ಪತ್ತಾರ ಇದ್ವು."

ಯಾವ ರಂಗೋಲಿ ಎಂದು ಬಾಯಿಗೆ ಬಂದ ಮಾತು ಅಲ್ಲೇ ನಿಂತಿತು. ಇಂಗ್ಲಿಷಿನಲ್ಲಿ ಅವಳಿಗೆ ಗೊತ್ತಿದ್ದದ್ದು ಮೊದಲ ಅಕ್ಷರ ಒಂದೇ. ಒಂದೊಂದು ರಂಗೋಲಿಗೂ ಒಂದೊಂದು ಎ ಹೆಚ್ಚು ಹಾಕಿ ಎಣಿಕೆ ಇಟ್ಟುಕೊಂಡಿದ್ದಳು.

"ಅಪ್ಪಗ ಜಾಗ ಸಾಲಲಿಲ್ಲ ಅತ್ತಿ. ನಾನಽ ಅಳಸಿದೆ."

ಅವಳು ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿದಳು.

"ಅಳಸೂ ಮುಂದ ನೋಡಿದೇನು?"

ಇಲ್ಲ ಎನ್ನಲು ನನಗೆ ಧೈರ್ಯವಾಗಲಿಲ್ಲ. "ಹ್ಞೂಂ, ನೋಡೀನಿ" ಅಂದೆ.

"ಯಾವುದು ಛಂದ ಇತ್ತು?"

ಸಿಟ್ಟಿನಿಂದ ಕೇಳಿದ್ದಲ್ಲ. ಮುಖ ನನ್ನ ಕಡೆ ತಿರುಗಿಸಿ, ಆಸೆಯಿಂದ ಕೇಳಿದಳು. ಅಷ್ಟು ವರ್ಷಗಳಿಂದ ಅವಳ ರಂಗೋಲಿಯ ಬಗ್ಗೆ ಯಾರೂ ಒಂದು ಮಾತು ಆಡಿರಲಿಲ್ಲ. ರಂಗೋಲಿಯೆಂದರೆ ಯಾರಾದರೂ ಬರೆದೇ ಬರೆಯುವ ಚಿತ್ರ ಯಾವುದೆಂದು ಹುಡುಕಿ, "ನವಿಲಿಂದು" ಅಂದುಬಿಟ್ಟೆ.

ಅತ್ತೆ ಹಂಚಿನ ಕಡೆ ತಿರುಗಿದಳು. ರೊಟ್ಟಿ ತಿರುವಿ ಹಾಕಿದಳು. "ಇರ್ಲಿ ಬಿಡು" ಅಂದಳು. "ಅಳಸೇ ಹೋಗೂದಾದ್ರ ಹೊರಗರ ಹಾಕಬಹುದಿತ್ತು."

ಮರುದಿನ ಬೆಳಿಗ್ಗೆ ಅವ್ವ ರಂಗೋಲಿ ಬಟ್ಟಲು ಹುಡುಕುತ್ತಿದ್ದಳು. ಅದು ಅತ್ತೆಯ ಕೈಯಲ್ಲಿತ್ತು. ಬಾಗಿಲ ಮುಂದೆ, ನೀರು ಹೊಡೆದ ನೆಲದ ತುಂಬ ಒಂದು ನವಿಲು. ಗರಿಯ ಎಳೆಗಳು ಒಂದೂ ನಡುಗಿರಲಿಲ್ಲ. ಅವ್ವ ನಿಂತು ನೋಡಿದಳು, "ಕೆಂಪು ತರಲೇನ್ರಿ ಅಕ್ಕಾರ?" ಎಂದಷ್ಟೇ ಕೇಳಿ ಒಳಗೆ ಹೋದಳು. ಅಪ್ಪ ಸೈಕಲ್ಲನ್ನು ಎತ್ತಿ ಪಕ್ಕದಿಂದ ಇಳಿಸಿದ. ಎದುರು ಮನೆಯವರು ಕೊಡ ಹೊತ್ತು ಬರುವಾಗ ಒಂದು ಗಳಿಗೆ ನಿಂತು, ಸುತ್ತು ಹಾಕಿ ಹೋದರು.

ಅತ್ತೆ ಸೊಂಟ ಹಿಡಿದು ಎದ್ದು ನನ್ನ ಹತ್ತಿರ ಬಂದಳು. ನನಗೊಬ್ಬಳಿಗೇ ಕೇಳುವಂತೆ ಹೇಳಿದಳು:

"ನವಿಲ ಇವತ್ತ ಮೊದಲನೇ ಸಲ ಬರದೀನಿ. ಈಗ ನೋಡಿ ಹೇಳು, ಛಂದ ಬಂದೈತೇನು?"

ಅಲ್ಲಿಂದ ಮುಂದೆ ನಮ್ಮ ಬಾಗಿಲ ರಂಗೋಲಿ ಅವಳದೇ ಆಯಿತು. ಬೆಳಿಗ್ಗೆ ಮೂಡಿ ಮಧ್ಯಾಹ್ನದೊಳಗೆ ಕೋಳಿಕಾಲಿಗೆ, ಸೈಕಲ್ಲಿಗೆ ಅಳಿಸಿ ಹೋಗುತ್ತಿತ್ತು. ದಿನಾ ಕಾಣುವುದನ್ನು ಫೋಟೊ ತೆಗೆಯಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಈಗ ಅತ್ತೆಯೂ ಇಲ್ಲ. ಅವಳ ಕೈಯ ಒಂದೇ ಒಂದು ಎಳೆ ನಮ್ಮ ಯಾರ ಬಳಿಯೂ ಉಳಿದಿಲ್ಲ. ಅದನ್ನು ನೋಡಬೇಕೆಂದು ನನಗೆ ಎಷ್ಟು ಸಲ ಅನ್ನಿಸುತ್ತದೆಂದರೆ, ಹೇಳಿದರೆ ನೀವು ನಕ್ಕೀರಿ.

ಇವತ್ತು ಮಗಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ. "ಎಲ್ಲಾ ಅಳಸಬೇ ಮಮ್ಮಿ, ಏನಿಲ್ಲ ಅದರಾಗ" ಅಂದಳು. ಆಗಲಿ, ಮೊದಲು ಒಂದೊಂದೇ ತೆರೆದು ಏನೆಂದು ಹೇಳು ಅಂದೆ. ಯಾಕೆಂದು ಕೇಳಿದಳು. ಇಷ್ಟೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಅವಳು ಕೇಳಿದ್ದು ಒಂದೇ:

"ಮತ್ತ ಆ ಇಪ್ಪತ್ತಾರರಾಗ ಅಜ್ಜಿ ಏನೇನ್ ಬರದಿದ್ರು?"

ನನಗೆ ಗೊತ್ತಿಲ್ಲ. ಅತ್ತೆಯನ್ನು ನಾನು ಕೇಳಲೇ ಇಲ್ಲ. ಕೇಳಿದರೆ, ಅಳಿಸುವ ಮುಂಚೆ ನೋಡಿರಲಿಲ್ಲವೆಂದು ಒಪ್ಪಿಕೊಂಡಂತಾಗುತ್ತಿತ್ತು. ಅವಳಿಗೆ ಗೊತ್ತೇ ಇದ್ದ ಆ ಒಂದು ಮಾತನ್ನು, ಅವಳಿರುವ ತನಕ ನಾನು ಅವಳಿಗೆ ಹೇಳಲಿಲ್ಲ.