ನೀಲಿ ಹಾಳೆಯ ಅಂಚು

ಕಪಾಟಿನ ಬಾಗಿಲು ತೆಗೆದ ಕೂಡಲೇ ಕಾಗದದಕ್ಕನಿಗೆ ಗೊತ್ತಾಯಿತು, ನೀಲಿ ಹಾಳೆಗೆ ಯಾರೋ ಕೈ ಹಾಕಿದ್ದಾರೆ.

ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅಂಚಿನಲ್ಲಿ ಬೆರಳಗಲದ ಪಟ್ಟಿಯೊಂದು ಮಾಯವಾಗಿತ್ತು. ಕತ್ತರಿಯ ಕೆಲಸವಲ್ಲ. ಕುಂಚದಿಂದ ನೀರಿನ ಗೆರೆ ಎಳೆದು, ಕಾಗದ ಮೆತ್ತಗಾದ ಮೇಲೆ ಎರಡೂ ಕೈಯಿಂದ ಮೆಲ್ಲಗೆ ಜಗ್ಗಿ ಹರಿದದ್ದು. ಹಾಗೆ ಹರಿದರೆ ಅಂಚಿನಲ್ಲಿ ಬೆಕ್ಕಿನ ಮೀಸೆಯಂತೆ ನಾರು ಉಳಿಯುತ್ತದೆ. ಅವಳು ಹರಿದರೆ ನಾರು ಬಲಕ್ಕೆ ವಾಲುತ್ತಿತ್ತು. ಇದು ಎಡಕ್ಕೆ ವಾಲಿತ್ತು. ಮನೆಯಲ್ಲಿ ಎಡಗೈಯಲ್ಲಿ ಕೆಲಸ ಮಾಡುವವಳು ಒಬ್ಬಳೇ, ಅವಳ ಓರಗಿತ್ತಿ.

ಕಾಗದದಕ್ಕನಿಗೆ ಈ ವಿದ್ಯೆ ಒಲಿದದ್ದು ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ. ಹಳೆಯ ಪುಸ್ತಕಗಳ ಹರಿದ ಪುಟಕ್ಕೆ ತೇಪೆ ಹಾಕಲು ಅಲ್ಲಿಗೆ ಜಪಾನಿನ ಕೈಕಾಗದ ಬರುತ್ತಿತ್ತು. ನೋಡಲು ಈರುಳ್ಳಿ ಸಿಪ್ಪೆಯಷ್ಟು ತೆಳು, ಜಗ್ಗಿದರೆ ಬಟ್ಟೆಯಷ್ಟು ಗಟ್ಟಿ. ಉಳಿದ ಚೂರುಗಳನ್ನು ಅವಳು ಊಟದ ಡಬ್ಬಿಯಲ್ಲಿಟ್ಟು ಮನೆಗೆ ತಂದು ರಟ್ಟಿನ ಮೇಲೆ ಅಂಟಿಸತೊಡಗಿದಳು. ಹಸಿರು ಚೂರು ಗುಡ್ಡವಾಯಿತು, ಬೂದು ಚೂರು ಮೋಡವಾಯಿತು. ಬಣ್ಣ ಬಳಿಯದೆ, ಕತ್ತರಿ ಮುಟ್ಟದೆ ಮಾಡಿದ ಆ ಚಿತ್ರಗಳನ್ನು ಫ್ರೇಮ್ ಅಂಗಡಿಯವನು ತನ್ನ ಗೋಡೆಗೆ ತೂಗುಹಾಕಿದ. ಜನ ಕೇಳಿ ಒಯ್ದರು. ಮುಂದೆ ರಟ್ಟಿನ ಅಂಗಡಿ ಮುಚ್ಚಿದಾಗ ಯಜಮಾನರು ಈ ನೀಲಿ ಹಾಳೆ ಕೊಟ್ಟು, "ಇದಕ್ಕೆ ಬಣ್ಣ ಹಾಕ್ತಿದ್ದವನು ಕೆಲಸ ಬಿಟ್ಟನಂತೆ. ಇಂಥದ್ದು ಇನ್ನು ಸಿಗಲ್ಲ ಕಣಮ್ಮ" ಎಂದಿದ್ದರು. ಚಿಕ್ಕ ಚಿತ್ರಗಳ ನೀರಿಗೆಂದು ಅದರಲ್ಲಿ ಅಲ್ಪಸ್ವಲ್ಪ ಬಳಸಿದ್ದಳು. ಉಳಿದದ್ದರಲ್ಲಿ ಒಂದು ದೊಡ್ಡ ಕೆರೆ ಮಾಡಬೇಕು, ತನ್ನ ಕೈಯಿಂದ ಬಂದದ್ದರಲ್ಲೆಲ್ಲ ಅದೇ ಮೇಲಾಗಬೇಕು ಎಂಬುದು ಅವಳ ಆಸೆ.

ಆ ಕೆರೆಯನ್ನೇ ಈಗ ಯಾರೋ ದಡದಿಂದ ಕದಿಯುತ್ತಿದ್ದರು.

ಓರಗಿತ್ತಿಗೆ ಕುಂಚ ಹಿಡಿಯಲು ಕಲಿಸಿದ್ದು ಅವಳೇ. ಇತ್ತೀಚೆಗೆ ಆ ಹುಡುಗಿ ಫ್ರೇಮ್ ಅಂಗಡಿಯವನ ಜೊತೆ ಏನೋ ಗುಸುಗುಸು ಮಾತಾಡುವುದು, ಇವಳು ಬಂದರೆ ಬಾಯಿಗೆ ಬೀಗ ಹಾಕಿಕೊಳ್ಳುವುದು. ತನ್ನದೇ ಚಿತ್ರ ಮಾಡಿ ಅಲ್ಲಿ ತೂಗುಹಾಕುವ ಹುನ್ನಾರವೇ ಇರಬೇಕು. ಅಂದಿನಿಂದ ಕಾಗದದಕ್ಕ ಅವಳ ಮೇಲೆ ಕಣ್ಣಿಟ್ಟಳು. ಊಟಕ್ಕೆ ಕೂತಾಗಲೂ ಅವಳ ಉಗುರಿನ ಸಂದಿಯಲ್ಲಿ ನೀಲಿ ಇದೆಯೇ ಎಂದು ನೋಡುವಳು.

"ಹಿಂಗೇ ದಿಟ್ಟಿಸ್ತಾ ಇದ್ರೆ ಗೋಡೆನೂ ತಪ್ಪು ಒಪ್ಕೊಂಡ್ಬಿಡುತ್ತೆ ನೋಡು" ಎಂದು ಗಂಡ ನಕ್ಕ. ಅವನ ಮೇಲೂ ಅವಳಿಗೆ ಸ್ವಲ್ಪ ಅನುಮಾನ ಬಂತು.

ಒಂದು ಮಧ್ಯಾಹ್ನ ಓರಗಿತ್ತಿ ಅಂಟಿನ ಡಬ್ಬಿ ಇಣುಕುತ್ತಿದ್ದ ಚೀಲ ಹಿಡಿದು ಚಪ್ಪಲಿ ಮೆಟ್ಟುತ್ತಿದ್ದಳು.

"ಎಲ್ಲಿಗೆ ಹೊರಟೆ?"

"ಇಲ್ಲೇ ಅಕ್ಕ, ಟೈಲರ್ ಹತ್ರ."

"ಟೈಲರ್ ಹತ್ರ ಹೋಗೋಕೆ ಅಂಟಿನ ಡಬ್ಬಿ ಯಾಕೆ?"

"ಅದಾ... ಮುಚ್ಚಳ ಸಡಿಲ ಆಗಿದೆ."

"ಓಹೋ. ಟೈಲರ್ ಮುಚ್ಚಳ ಹೊಲಿತಾನೇನೆ?"

ಓರಗಿತ್ತಿ ಚೀಲ ಬಗಲಿಗೇರಿಸಿ ಮೆಟ್ಟಿಲಿಳಿದಳು. ಕಾಗದದಕ್ಕ ಸ್ವಲ್ಪ ಹೊತ್ತು ಬಿಟ್ಟು ಹಿಂದೆಯೇ ಹೊರಟಳು.

ಚೀಲ ನೇರ ಫ್ರೇಮ್ ಅಂಗಡಿಗೇ ಹೋಯಿತು. ಹಿಂದಿನ ಕೋಣೆಯ ಬಾಗಿಲು ತಳ್ಳಿದರೆ, ಮೇಜಿನ ಮೇಲೆ ಕಾಗದದಕ್ಕನದೇ ದೋಣಿಯ ಚಿತ್ರ ಗಾಜು ಕಳಚಿ ಮಲಗಿತ್ತು. ಓರಗಿತ್ತಿಯ ಎಡಗೈಯಲ್ಲಿ ನೀಲಿ ಪಟ್ಟಿ.

"ಸಿಕ್ಕಿಬಿದ್ದೆ, ಕಳ್ಳಿ!"

"ನಾನು ಟೀ ತರ್ತೀನಿ" ಎಂದು ಅಂಗಡಿಯವನು ಮೆಲ್ಲಗೆ ಜಾರತೊಡಗಿದ.

"ನೀನೆಲ್ಲೂ ಹೋಗ್ಬೇಡ! ನನ್ನ ಚಿತ್ರ ಬಿಚ್ಚೋಕೆ ಇವಳಿಗೆ ಕೊಟ್ಟಿದ್ದು ನೀನೇ ತಾನೆ?"

"ಅಕ್ಕ, ಮೊದ್ಲು ಚಿತ್ರ ನೋಡಿ" ಎಂದಳು ಓರಗಿತ್ತಿ.

ದೋಣಿಯ ಕೆಳಗೆ ನೀರೇ ಇರಲಿಲ್ಲ. ಅಲ್ಲಿದ್ದ ನೀಲಿ ಚೂರು ಎದ್ದುಬಂದು, ಮುದುರಿ ತುಂಡಾಗಿ ಫ್ರೇಮಿನ ತಳದಲ್ಲಿ ಬಿದ್ದಿತ್ತು.

"ಒಯ್ದವರು ವಾಪಸ್ ತಂದ್ರು" ಎಂದಳು ಓರಗಿತ್ತಿ. "ಇದೊಂದೇ ಅಲ್ಲ, ಮೊನ್ನೆ ಹೊಳೆ ಚಿತ್ರಾನೂ ಹೀಗೇ ಬಂದಿತ್ತು. ನಿಮಗೆ ತಿಳಿಯೋದು ಬೇಡ ಅಂತ ನಾವೇ ಸರಿ ಮಾಡಿ ಕಳಿಸ್ತಿದ್ವಿ."

"ಅಂಟು ನೀರಾಗಿತ್ತೇನು?"

"ಅಂಟು ಸರಿಯಾಗೇ ಇದೆ. ನೀವು ನುಣುಪು ಕಡೆಗೆ ಹಚ್ತಿದ್ದೀರಿ ಅಕ್ಕ."

ಕೈಕಾಗದಕ್ಕೆ ಎರಡು ಮುಖ. ತಯಾರಿಸುವಾಗ ಹಲಗೆಗೆ ಅಂಟಿ ಒಣಗಿದ್ದು ನುಣುಪು, ಇನ್ನೊಂದು ಒರಟು. ಅಂಟು ಹಿಡಿಯುವುದು ಒರಟಿಗೆ. ಕಣ್ಣಿಗೆ ಕಾಣದ್ದು ಹೆಬ್ಬೆರಳಿಗೆ ಕಾಣುತ್ತದೆ ಎಂದು ಓರಗಿತ್ತಿಗೆ ಹೇಳಿಕೊಟ್ಟವಳೇ ಅವಳು.

"ಸುಳ್ಳು! ಕೊಡಿಲ್ಲಿ." ಪಟ್ಟಿ ಕಸಿದುಕೊಂಡು, ಕಣ್ಣು ಮುಚ್ಚಿ ಹೆಬ್ಬೆರಳು ಆಡಿಸಿದಳು. "ಇದು ಒರಟು."

ಅಂಗಡಿಯವನು ತನ್ನ ಚಪ್ಪಲಿ ನೋಡಿಕೊಂಡ. ಅವಳು ಪಟ್ಟಿಯನ್ನು ಮಗುಚಿ ಮತ್ತೆ ಸವರಿದಳು. ಎರಡೂ ಒಂದೇ ತರಹ. ಬೆರಳಿಗೆ ಯಾರೋ ಬಟ್ಟೆ ಸುತ್ತಿದಂತೆ.

"ನೀವಿಬ್ರೂ ಸೇರ್ಕೊಂಡಿದ್ದೀರಿ" ಎಂದಳು. ದನಿಯಲ್ಲಿ ಮೊದಲಿನ ಗಡಸು ಇರಲಿಲ್ಲ. ಪಟ್ಟಿಯನ್ನು ಕೆಳದುಟಿಗೆ ತಾಗಿಸಿ ಎಳೆದಳು. ಒಂದು ಮುಖ ಜಾರಿತು. ಇನ್ನೊಂದು ಸಣ್ಣಗೆ ಕಚ್ಚಿತು. ಹೆಬ್ಬೆರಳು ಒರಟು ಎಂದದ್ದು ಜಾರಿದ ಮುಖವನ್ನೇ.

ಇಷ್ಟು ದಿನ ಓರಗಿತ್ತಿಯನ್ನು ನೋಡುತ್ತಿದ್ದ ಹಾಗೆಯೇ ಅವಳು ತನ್ನ ಹೆಬ್ಬೆರಳನ್ನು ನೋಡಿದಳು.

"ಮುಂಚೆನೇ ಹೇಳೋಕೇನಾಗಿತ್ತು?"

"ಹೇಳಿದ್ರೆ ನಂಬ್ತಿದ್ರಾ?"

ಕಾಗದದಕ್ಕ ಸ್ಟೂಲು ಎಳೆದು ಕೂತಳು. ಪಟ್ಟಿಯನ್ನು ಇನ್ನೊಮ್ಮೆ ತುಟಿಗೆ ತಾಗಿಸಿ, ಒರಟು ಮುಖ ಮೇಲೆ ಮಾಡಿ ಓರಗಿತ್ತಿಯ ಮುಂದಿಟ್ಟಳು.

"ಹಚ್ಚು. ಕೆರೆ ಚಿತ್ರಕ್ಕೂ ಅಂಟು ನೀನೇ ಹಚ್ಚಬೇಕು. ಯಾವ ಕಡೆಗೆ ಅಂತ ನಾನು ಹೇಳ್ತೀನಿ."

"ಆಯ್ತು ಅಕ್ಕ."

"ಉಳಿದ ಚೂರು?"

"ಎಲ್ಲ ಇಲ್ಲೇ ಮೇಜಿನ ಮೇಲಿದೆಯಲ್ಲ."

"ಆದ್ರೂ ಚೀಲ ತೋರ್ಸು" ಎಂದಳು ಕಾಗದದಕ್ಕ.